ಹಾರ್ಡ್ ಡಿಸ್ಕ್ ಬದಲಾಯಿಸಿದ ಮೇಲೆ ವಿಂಡೋಸ್ ಅನ್ನು ಮತ್ತೆ ಕೊಳ್ಳಬೇಕೇ?

ಪ್ರಶ್ನೆ: 2019ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್‌ನಲ್ಲಿ (ಇಂಟೆಲ್ ಐ5, 8ನೇ ತಲೆಮಾರು) 1 ಟಿಬಿ ಹಾರ್ಡ್ ಡಿಸ್ಕ್ ಇತ್ತು. ವಿಂಡೋಸ್ 10 ಹೋಮ್ ಅದರೊಂದಿಗೇ ಬಂದಿತ್ತು. ಡಿಸ್ಕ್ ತೀರಾ ನಿಧಾನವಾಗಿ, ಕೊನೆಗೆ ಆಗಾಗ ನಿಂತುಬಿಡುತ್ತಿದ್ದುದರಿಂದ ಅಂಗಡಿಯಲ್ಲಿ 500 ಜಿಬಿಯ ಎಸ್‌ಎಸ್‌ಡಿ (ಹೊಸ ಬಗೆಯ ವೇಗದ ಡಿಸ್ಕ್) ಹಾಕಿಸಿದೆ. ಈಗ ಆನ್ ಮಾಡಿದರೆ ಬೂಟ್ ಮಾಡುವ ಸಾಧನ ಸಿಗಲಿಲ್ಲ ಎಂಬ ಸಂದೇಶ ಮಾತ್ರ ಬರುತ್ತದೆ. ಹಳೆಯ ವಿಂಡೋಸ್ ಹಳೆಯ ಡಿಸ್ಕಿನ ಜೊತೆಗೇ ಹೋಯಿತು, ಹೊಸದಾಗಿ ಲೈಸೆನ್ಸ್ ಕೊಳ್ಳಬೇಕು, ಬೇಡವೆಂದರೆ ಕಡಿಮೆ ಖರ್ಚಿನಲ್ಲಿ ‘ಪ್ರೊ’ ಹಾಕಿಕೊಡುತ್ತೇನೆ ಎಂದು ಅಂಗಡಿಯವರು ಹೇಳುತ್ತಾರೆ. ನನ್ನ ಬಳಿ ಸಿಡಿಯೂ ಇಲ್ಲ, ಕೀ ಕೂಡ ಇಲ್ಲ. ಹಳೆಯ ಡಿಸ್ಕ್ ಕೈಯಲ್ಲಿದೆ. ಅದರಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಲವು ವರ್ಷಗಳ ಕಡತಗಳೂ ನಮ್ಮ ಅಂಗಡಿಯ ಟ್ಯಾಲಿ ಲೆಕ್ಕವೂ ಇವೆ. ಎಲ್ಲವನ್ನೂ ಮೊದಲಿದ್ದಂತೆ ಮಾಡಿಕೊಳ್ಳಲು ಸಾಧ್ಯವೇ?

ಉತ್ತರ: ಮೊದಲು ಹಣದ ಮಾತನ್ನು ಮುಗಿಸಿಬಿಡೋಣ. ನೀವು ವಿಂಡೋಸ್ ಅನ್ನು ಮತ್ತೆ ಕೊಳ್ಳಬೇಕಾಗಿಲ್ಲ. ವಿಂಡೋಸ್ 7ರ ಕಾಲದಲ್ಲಿ ಲೈಸೆನ್ಸ್ ಕೀ ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ ಚೀಟಿಯ ಮೇಲೆ ಇರುತ್ತಿತ್ತು. ಆ ಚೀಟಿ ಉಜ್ಜಿ ಅಳಿಸಿಹೋದರೆ ಕಷ್ಟವಾಗುತ್ತಿತ್ತು. ವಿಂಡೋಸ್ 8ರಿಂದ ಈಚೆಗೆ ತಯಾರಕರು ವಿಂಡೋಸ್ ಸಹಿತ ಮಾರುವ ಯಂತ್ರಗಳಲ್ಲಿ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ, ಅಂದರೆ ನಾವು ರೂಢಿಯಲ್ಲಿ ಬಯಾಸ್ ಎಂದು ಕರೆಯುವ ಚಿಪ್ಪಿನಲ್ಲಿಯೇ, ಬರೆದು ಕಳುಹಿಸುತ್ತಾರೆ. ಇದರ ಜೊತೆಗೆ ವಿಂಡೋಸ್ 10ರಿಂದ ಡಿಜಿಟಲ್ ಲೈಸೆನ್ಸ್ ಎಂಬ ವ್ಯವಸ್ಥೆ ಬಂದಿದೆ: ಯಂತ್ರ ಒಮ್ಮೆ ಆಕ್ಟಿವೇಟ್ ಆದರೆ, ಅಂದರೆ ಅದರ ಲೈಸೆನ್ಸ್ ಸರಿಯೆಂದು ದೃಢಪಟ್ಟರೆ, ಮುಖ್ಯವಾಗಿ ಅದರ ಮದರ್‌ಬೋರ್ಡನ್ನು ಆಧರಿಸಿದ ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಈ ಎರಡಕ್ಕೂ ಹಾರ್ಡ್ ಡಿಸ್ಕಿಗೂ ಸಂಬಂಧವಿಲ್ಲ. ಗಾಡಿಯ ಟೈರು ಬದಲಾಯಿಸಿದ್ದಕ್ಕೆ ಯಾರೂ ಆರ್‌ಸಿ ಪುಸ್ತಕವನ್ನು ಹೊಸದಾಗಿ ಮಾಡಿಸುವುದಿಲ್ಲ, ಇಲ್ಲಿಯೂ ಹಾಗೆಯೇ. ಮದರ್‌ಬೋರ್ಡನ್ನೇ ಬದಲಾಯಿಸಿದ್ದರೆ ಮಾತು ಬೇರೆಯಾಗುತ್ತಿತ್ತು.

ಅಂಗಡಿಯವರು ಕಡಿಮೆ ಖರ್ಚಿನಲ್ಲಿ ಹಾಕಿಕೊಡುವೆನೆಂದ ‘ಪ್ರೊ’ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲಿಯೇ. ನಿಮ್ಮ ಯಂತ್ರದಲ್ಲಿರುವುದು ಹೋಮ್ ಆವೃತ್ತಿಯ ಕೀ. ಪ್ರೊ ಹಾಕಿದರೆ ಆ ಕೀ ಅದಕ್ಕೆ ಹೊಂದುವುದಿಲ್ಲ, ವಿಂಡೋಸ್ ತಾನಾಗಿ ಆಕ್ಟಿವೇಟ್ ಆಗುವುದಿಲ್ಲ. ಆಗ ಆಕ್ಟಿವೇಟರ್ ಎಂಬ ಹೆಸರಿನ ಕಳ್ಳ ತಂತ್ರಾಂಶವೊಂದನ್ನು ಓಡಿಸಿ ಕೆಲಸ ಸಾಧಿಸುತ್ತಾರೆ. ದೊಡ್ಡ ಸಂಸ್ಥೆಗಳು ತಮ್ಮ ನೂರಾರು ಕಂಪ್ಯೂಟರುಗಳನ್ನು ತಮ್ಮದೇ ಸರ್ವರ್‌ನಿಂದ 180 ದಿನಗಳ ಅವಧಿಗೆ ಆಕ್ಟಿವೇಟ್ ಮಾಡಿಕೊಳ್ಳಲು ಕೆಎಂಎಸ್ ಎಂಬ ಏರ್ಪಾಡು ಇದೆ. ಈ ಕಳ್ಳ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪ್ ಅಂಥ ಸಂಸ್ಥೆಯೊಂದರ ಯಂತ್ರವೆಂದು ವಿಂಡೋಸ್ ಅನ್ನು ನಂಬಿಸುತ್ತದೆ. ಅದು ಕೆಲಸ ಮಾಡಬೇಕಾದರೆ ವೈರಸ್‌ಗಳನ್ನು ತಡೆಯುವ ವಿಂಡೋಸ್ ಡಿಫೆಂಡರ್ ಅನ್ನು ಆಫ್ ಮಾಡಬೇಕು ಅಥವಾ ಅದರಲ್ಲಿ ವಿನಾಯಿತಿ ಕೊಡಬೇಕು. ಜಿಎಸ್‌ಟಿ ಸಲ್ಲಿಕೆಯನ್ನೂ ಬ್ಯಾಂಕ್ ವ್ಯವಹಾರವನ್ನೂ ಮಾಡುವ ಯಂತ್ರದಲ್ಲಿ ಕಾವಲನ್ನು ತೆಗೆದು, ಯಾರು ಬರೆದರೆಂದೇ ತಿಳಿಯದ ತಂತ್ರಾಂಶಕ್ಕೆ ಪೂರ್ಣ ಅಧಿಕಾರ ಕೊಡುವುದು ಎಷ್ಟು ಅಪಾಯವೆಂಬುದನ್ನು ದಯವಿಟ್ಟು ಯೋಚಿಸಿ. ನ್ಯಾಯವಾದ ಲೈಸೆನ್ಸ್ ಕೈಯಲ್ಲಿರುವಾಗಲೂ ಜನ ಹಣ ಕೊಟ್ಟು ಕಳ್ಳ ಪ್ರತಿಯನ್ನು ಹಾಕಿಸಿಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು, ಎಲ್ಲವನ್ನೂ ಮೊದಲಿದ್ದಂತೆಯೇ ತರಬಹುದೇ ಎಂಬ ಪ್ರಶ್ನೆ. ಹಳೆಯ ಡಿಸ್ಕ್ ಆರೋಗ್ಯವಾಗಿದ್ದರೆ ಅದನ್ನು ಇಡಿಯಾಗಿ ಹೊಸದಕ್ಕೆ ಕ್ಲೋನ್ ಮಾಡಬಹುದಿತ್ತು; ವಾಲ್‌ಪೇಪರ್ ಕೂಡ ಬದಲಾಗದೆ ಎಲ್ಲವೂ ಇದ್ದಲ್ಲಿಯೇ ಇರುತ್ತಿತ್ತು. ಆದರೆ ನಿಮ್ಮ ಡಿಸ್ಕ್ ಓದುವಾಗ ನಿಂತುಬಿಡುತ್ತಿತ್ತು ಎಂದಿದ್ದೀರಿ. ಅದು ಕೆಟ್ಟ ಸೆಕ್ಟರುಗಳ, ಅಂದರೆ ಡಿಸ್ಕಿನಲ್ಲಿ ಓದಲಾಗದಂತೆ ಹಾಳಾದ ಜಾಗಗಳ, ಲಕ್ಷಣ. ಅಂಥ ಡಿಸ್ಕನ್ನು ಕ್ಲೋನ್ ಮಾಡಿದರೆ ವಿಂಡೋಸ್‌ನ ಯಾವ ಕಡತ ಹಾಳಾಗಿದೆ, ಯಾವುದು ಸರಿಯಿದೆ ಎಂದು ತಿಳಿಯದೆ, ಆ ಹಾನಿಯೂ ಹೊಸ ಡಿಸ್ಕಿಗೆ ನಕಲಾಗುತ್ತದೆ. ಅಲ್ಲದೆ 1 ಟಿಬಿಯಿಂದ 500 ಜಿಬಿಗೆ ಇಳಿಸುವುದಕ್ಕೆ ಕ್ಲೋನ್‌ಜಿಲ್ಲಾದಂಥ ಉಚಿತ ಸಾಧನಗಳು ಸುಲಭವಾಗಿ ಒಪ್ಪುವುದಿಲ್ಲ. ಗುರಿಯ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕೆಂದು ಅವು ಕೇಳುತ್ತವೆ. ತಯಾರಕರು ಹಳೆಯ ಡಿಸ್ಕಿನಲ್ಲಿ ಇಟ್ಟಿದ್ದ, ವಿಂಡೋಸ್ ಅನ್ನು ಮತ್ತೆ ಹಾಕಲು ನೆರವಾಗುವ ರಿಕವರಿ ಪಾರ್ಟಿಷನ್ ಕೂಡ ಆ ಡಿಸ್ಕಿನೊಂದಿಗೇ ಹೊರಬಂದಿದೆ. ಆದ್ದರಿಂದ ನಿಮ್ಮ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ವಿಂಡೋಸ್ ಅನ್ನು ಹೊಸದಾಗಿ ಹಾಕಿ, ಹಳೆಯ ಡಿಸ್ಕಿನಿಂದ ನಿಮ್ಮ ಕಡತಗಳನ್ನು ಮಾತ್ರ ತನ್ನಿ.

ಆದರೆ ವಿಂಡೋಸ್‌ಗಿಂತ ಮೊದಲು ಡೇಟಾ. ವಿಂಡೋಸ್ ಅನ್ನು ಎಷ್ಟು ಸಲ ಬೇಕಾದರೂ ಹಾಕಬಹುದು. ಸಾಯುತ್ತಿರುವ ಡಿಸ್ಕನ್ನು ಎಷ್ಟು ಸಲ ಓದಬಹುದೆಂದು ಯಾರೂ ಹೇಳಲಾರರು. ಅದು ಎರಡೂವರೆ ಇಂಚಿನ ಸಾಟಾ ಡಿಸ್ಕ್ ಆಗಿರುತ್ತದೆ. ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಅಥವಾ ಡಬ್ಬಿ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ. ಸ್ಕ್ಯಾನ್ ಮಾಡಿ ಸರಿಪಡಿಸಲೇ ಎಂದು ವಿಂಡೋಸ್ ಕೇಳಿದರೆ ಬೇಡವೆನ್ನಿ; ಚೆಕ್‌ಡಿಸ್ಕ್ ಅನ್ನೂ ಓಡಿಸಬೇಡಿ. ಅದು ಕಡತಗಳ ಪಟ್ಟಿಯನ್ನು ತಿದ್ದಿ ಸರಿಪಡಿಸುವ ಸಾಧನವೇ ಹೊರತು ಡೇಟಾ ಉಳಿಸುವ ಸಾಧನವಲ್ಲ. ದುರ್ಬಲ ಡಿಸ್ಕಿನ ಮೇಲೆ ಅನಗತ್ಯ ಹೊರೆ ಹಾಕುತ್ತದೆ. ಟ್ಯಾಲಿ ಡೇಟಾ, ದಾಖಲೆಗಳು, ಫೋಟೊಗಳು ಎಂಬ ಕ್ರಮದಲ್ಲಿ, ಕಳೆದುಕೊಂಡರೆ ಮತ್ತೆ ಸಿಗದಂಥವನ್ನು ಮೊದಲು ನಕಲು ಮಾಡಿ. ಸಿನಿಮಾ ಹಾಡುಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಬಳಕೆದಾರರ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲವೆಂಬ ಸಂದೇಶ ಬಂದರೆ ಗಾಬರಿಯಾಗದೆ ‘ಕಂಟಿನ್ಯೂ’ ಒತ್ತಿ ಕಾಯಿರಿ. ಡಿಸ್ಕ್ ತೆರೆಯದೆ ಬಿಟ್‌ಲಾಕರ್ ಕೀ ಕೇಳಿದರೆ ಅದು ಎನ್‌ಕ್ರಿಪ್ಟ್ ಆಗಿದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿದೆ ಎಂದರ್ಥ. 48 ಅಂಕಿಗಳ ಆ ರಿಕವರಿ ಕೀ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ, ಸಾಧನಗಳ ಪುಟದಲ್ಲಿ ಉಳಿದಿರುತ್ತದೆ. ನಕಲು ಮಧ್ಯದಲ್ಲಿ ಪದೇಪದೇ ನಿಲ್ಲುತ್ತಿದ್ದರೆ ಅಲ್ಲಿಗೇ ಬಿಡಿ, ಒತ್ತಾಯ ಮಾಡಬೇಡಿ. ಲಿನಕ್ಸ್‌ನಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಒಳ್ಳೆಯ ಸಾಧನವಿದೆ. ಅದು ಮೊದಲು ಸುಲಭವಾಗಿ ಓದಬಲ್ಲ ಭಾಗಗಳನ್ನೆಲ್ಲ ತೆಗೆದುಕೊಂಡು, ಕೆಟ್ಟ ಜಾಗಗಳನ್ನು ಗುರುತುಹಾಕಿಕೊಂಡು, ಕೊನೆಯಲ್ಲಿ ಮಾತ್ರ ಅವುಗಳ ಬಳಿಗೆ ಮರಳುತ್ತದೆ. ಲಿನಕ್ಸ್ ಬಲ್ಲವರು ಪಕ್ಕದಲ್ಲಿದ್ದರೆ ಅವರ ನೆರವು ಪಡೆಯಿರಿ, ಏಕೆಂದರೆ ಮೂಲ ಡಿಸ್ಕನ್ನೂ ಗುರಿಯ ಡಿಸ್ಕನ್ನೂ ಅದಲುಬದಲು ಮಾಡಿದರೆ ಇರುವುದೂ ಹೋಗುತ್ತದೆ. ಡಿಸ್ಕ್ ಟಿಕ್ ಟಿಕ್ ಎಂದು ಲಯಬದ್ಧವಾಗಿ ಸದ್ದು ಮಾಡುತ್ತಿದ್ದರೆ ಮಾತ್ರ ಯಾವ ಪ್ರಯೋಗವನ್ನೂ ಮಾಡದೆ ವಿದ್ಯುತ್ ತೆಗೆದು, ಡೇಟಾ ತೆಗೆಯುವುದನ್ನೇ ಕಸುಬಾಗಿ ಮಾಡಿಕೊಂಡಿರುವವರ ಬಳಿಗೆ ಒಯ್ಯಿರಿ.

ಆ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್ ಡಿಸ್ಕಿನ ಜೊತೆಗೆ ಅದರ ವೇಗ ಹೆಚ್ಚಿಸುವ 16 ಜಿಬಿಯ ಇಂಟೆಲ್ ಆಪ್ಟೇನ್ ಮೆಮೊರಿಯೂ ಇರುತ್ತಿತ್ತು. ನಿಮ್ಮದರಲ್ಲಿಯೂ ಇದ್ದರೆ ಅವೆರಡೂ ಜೋಡಿಯಾಗಿ ಕೆಲಸ ಮಾಡುತ್ತಿದ್ದವು. ಆಪ್ಟೇನ್ ಅನ್ನು ನಿಲ್ಲಿಸದೆ ಡಿಸ್ಕ್ ಬಿಚ್ಚಿದ್ದರೆ ಡಿಸ್ಕಿನಲ್ಲಿ ಕೆಲವು ಇತ್ತೀಚಿನ ಬದಲಾವಣೆಗಳು ಇಲ್ಲದಿರಬಹುದು. ಕೊಂಡ ಬಿಲ್ಲನ್ನು ಒಮ್ಮೆ ನೋಡಿ. ಇತ್ತೆಂದಾದರೆ ಆ ಆಪ್ಟೇನ್ ತುಂಡನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ. ಹಳೆಯ ಡಿಸ್ಕನ್ನು ಅದರೊಂದಿಗೆ ಅದೇ ಲ್ಯಾಪ್‌ಟಾಪ್‌ನಲ್ಲಿ ಮರಳಿ ಜೋಡಿಸಿ ಓದಿಸುವುದೇ ಸರಿಯಾದ ದಾರಿ.

ಡೇಟಾ ಸುರಕ್ಷಿತವಾದ ಮೇಲೆ ವಿಂಡೋಸ್ ಹಾಕುವ ಕೆಲಸ. ಯಾವ ವಿಂಡೋಸ್ ಎಂಬುದನ್ನು ಈಗಲೇ ನಿರ್ಧರಿಸಿಬಿಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 8ನೇ ತಲೆಮಾರಿನ ಕೋರ್ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿವೆ, ಮತ್ತು ವಿಂಡೋಸ್ 10 ಹೋಮ್‌ನ ಲೈಸೆನ್ಸ್ 11ರ ಹೋಮ್‌ಗೂ ಸಲ್ಲುತ್ತದೆ. ಆದ್ದರಿಂದ ನೀವು ನೇರವಾಗಿ 11ನ್ನೇ ಹಾಕುವುದು ವಾಸಿ. ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಮಾಡಬಲ್ಲ ಯುಇಎಫ್‌ಐ (ಈಗಿನ ಬಗೆಯ ಫರ್ಮ್‌ವೇರ್) ಮತ್ತು ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಭದ್ರತಾ ವ್ಯವಸ್ಥೆ) ಬೇಕು. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಕೆಲಸ ನಡೆದರೂ ತೃಪ್ತಿಯಿರುವುದಿಲ್ಲ. ಹೇಗೂ ಲ್ಯಾಪ್‌ಟಾಪ್ ಬಿಚ್ಚಿಸಿದ್ದೀರಿ, 8 ಜಿಬಿಗೆ ಏರಿಸಿಕೊಳ್ಳಿ. ಟಿಪಿಎಂ ಇಲ್ಲವೆಂದು ವಿಂಡೋಸ್ ಹೇಳಿದರೆ ನಂಬಬೇಡಿ. ಇಂಟೆಲ್ ಯಂತ್ರಗಳಲ್ಲಿ ಅದು ಪಿಟಿಟಿ ಎಂಬ ಹೆಸರಿನಲ್ಲಿ ಬಯಾಸ್ ಒಳಗೆ ಆಫ್ ಮಾಡಿಟ್ಟಿರುವುದೇ ಹೆಚ್ಚು. ಅದನ್ನು ಆನ್ ಮಾಡಿದರೆ ಸಾಕು.

ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಜಾಲತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗೆ ವಿಂಡೋಸ್ ಬರೆಸಿ. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ತಮ್ಮ ಯಂತ್ರಗಳಿಗೆಂದೇ ರಿಕವರಿ ಪ್ರತಿಯನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನೂ ಇಟ್ಟಿವೆ. ಲ್ಯಾಪ್‌ಟಾಪಿನ ಕ್ರಮಸಂಖ್ಯೆಯನ್ನು ಕೊಟ್ಟರೆ ಡ್ರೈವರುಗಳೊಂದಿಗೆ (ಯಂತ್ರದ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶಗಳು) ಕಾರ್ಖಾನೆಯಲ್ಲಿದ್ದ ಸ್ಥಿತಿಯೇ ಮರಳಿ ಬರುತ್ತದೆ. ಆದರೆ ನಿಮ್ಮ 2019ರ ಮಾದರಿಗೆ ಅದು ಹಳೆಯ ವಿಂಡೋಸ್ 10 ಆಗಿರುವ ಸಾಧ್ಯತೆಯೇ ಹೆಚ್ಚು, ಜೊತೆಗೆ ಬೇಡದ ತಂತ್ರಾಂಶಗಳೂ ಬರುತ್ತವೆ. ಹಾಗಾಗಿ ನಾನು ಮೈಕ್ರೋಸಾಫ್ಟ್‌ನ ಪ್ರತಿಯನ್ನೇ ಆರಿಸುತ್ತೇನೆ.

ಹಳೆಯ ಡಿಸ್ಕಿನ ಕೇಬಲ್ ಸೇರಿದಂತೆ ಬೇರೆ ಯಾವ ಡಿಸ್ಕನ್ನೂ ಲ್ಯಾಪ್‌ಟಾಪ್‌ಗೆ ಜೋಡಿಸಿಡದೆ, ಪೆನ್‌ಡ್ರೈವ್ ಒಂದನ್ನೇ ಚುಚ್ಚಿ ಆನ್ ಮಾಡಿ. ಬೂಟ್ ಮೆನುವಿಗೆ ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀ. ಅಲ್ಲಿ ಪೆನ್‌ಡ್ರೈವ್‌ನ ಹೆಸರು ಎರಡು ಬಾರಿ ಕಂಡರೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿ.

ಮುಂದೆ ಬರುವ ಪರದೆಗಳಲ್ಲಿ ಎರಡು ಮುಖ್ಯ. ಮೊದಲನೆಯದು ಪ್ರಾಡಕ್ಟ್ ಕೀ ಪರದೆ. ನಿಮ್ಮ ಫರ್ಮ್‌ವೇರ್‌ನಲ್ಲಿ ಕೀ ಇದ್ದರೆ ಆ ಪರದೆಯೇ ಬರುವುದಿಲ್ಲ. ಹೋಮ್ ಎಂಬ ಆಯ್ಕೆಯೂ ತಾನಾಗಿ ಆಗಿಬಿಡುತ್ತದೆ. ಅಂಗಡಿಯವರು ಹೇಳಿದ ಮಾತು ಸುಳ್ಳೆಂಬುದಕ್ಕೆ ಅದೇ ಸಾಕ್ಷಿ. ಒಂದು ವೇಳೆ ಕೇಳಿದರೆ, ಕೀ ಇಲ್ಲ ಎಂಬುದನ್ನು ಒತ್ತಿ, ಆವೃತ್ತಿಗಳ ಪಟ್ಟಿಯಲ್ಲಿ ಹೋಮ್ ಅನ್ನೇ ಆರಿಸಿ ಮುಂದುವರಿಯಿರಿ. ಡಿಜಿಟಲ್ ಲೈಸೆನ್ಸ್ ಆಮೇಲೆ ತಾನಾಗಿ ಸಿಗುತ್ತದೆ. ಎರಡನೆಯದು ಡಿಸ್ಕ್ ಆರಿಸುವ ಪರದೆ. ಅಲ್ಲಿ ‘ಡಿಸ್ಕ್ 0’ ಎಂದು, ಹಂಚಿಕೆಯಾಗದ ಜಾಗ ಸುಮಾರು 465 ಜಿಬಿ ಎಂದು ಒಂದೇ ಸಾಲು ಕಾಣಬೇಕು. ಡಬ್ಬಿಯ ಮೇಲೆ 500 ಎಂದಿದ್ದರೂ ಇಲ್ಲಿ 465 ಕಾಣುವುದು ಎಣಿಸುವ ಕ್ರಮದ ವ್ಯತ್ಯಾಸ, ಮೋಸವಲ್ಲ. ಆ ಸಾಲನ್ನು ಆರಿಸಿ ಮುಂದೆ ಒತ್ತಿದರೆ, ಬೂಟ್‌ಗೆ ಬೇಕಾದ ಚಿಕ್ಕ ಪಾರ್ಟಿಷನ್‌ಗಳನ್ನೂ ಸಿ ಡ್ರೈವ್ ಅನ್ನೂ ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ನೀವು ಯಾವುದನ್ನೂ ಮೊದಲೇ ಫಾರ್ಮ್ಯಾಟ್ ಮಾಡಬೇಕಿಲ್ಲ. ಅಂಗಡಿಯವರು ಈಗಾಗಲೇ ಅದರಲ್ಲಿ ಏನಾದರೂ ಪಾರ್ಟಿಷನ್ ಮಾಡಿದ್ದರೆ, ಅಥವಾ ಡಿಸ್ಕ್ ಎಂಬಿಆರ್ ಮಾದರಿಯದ್ದು, ಇಲ್ಲಿ ಹಾಕಲಾಗದು ಎಂಬ ಸಂದೇಶ ಬಂದರೆ, ಡಿಸ್ಕ್ 0ರ ಎಲ್ಲ ಸಾಲುಗಳನ್ನೂ ಅಳಿಸಿ ಒಂದೇ ಖಾಲಿ ಜಾಗ ಮಾಡಿಕೊಳ್ಳಿ. ಹೊಸ ಡಿಸ್ಕ್ ಒಂದೇ ಜೋಡಿಸಿರುವುದರಿಂದ ಇದನ್ನು ಧೈರ್ಯವಾಗಿ ಮಾಡಬಹುದು.

ಡಿಸ್ಕ್ ಪಟ್ಟಿಯೇ ಖಾಲಿಯಾಗಿದ್ದರೆ, ಬಯಾಸ್‌ನಲ್ಲಿ ಎಸ್‌ಎಸ್‌ಡಿ ಕಾಣುತ್ತಿದೆಯೇ ನೋಡಿ. ಅಲ್ಲಿಯೂ ಇಲ್ಲದಿದ್ದರೆ ಅದು ಸರಿಯಾಗಿ ಕುಳಿತಿಲ್ಲ. ಅಲ್ಲಿ ಕಂಡು ಇಲ್ಲಿ ಕಾಣದಿದ್ದರೆ ಬಯಾಸ್‌ನ ಸ್ಟೋರೇಜ್ ಆಯ್ಕೆ ಆರ್‌ಎಸ್‌ಟಿ ಅಥವಾ ರೇಡ್ ಎಂದಿರುತ್ತದೆ. ಅದನ್ನು ಎಎಚ್‌ಸಿಐಗೆ ಬದಲಾಯಿಸಿದರೆ ಆಯಿತು. 11ನೇ ಅಥವಾ ಅದರ ನಂತರದ ತಲೆಮಾರಿನ ಇಂಟೆಲ್ ಯಂತ್ರವುಳ್ಳ ಓದುಗರಿಗೆ ಈ ತೊಂದರೆ ಹೆಚ್ಚು. ಅಲ್ಲಿ ವಿಎಂಡಿ ಎಂಬ ವ್ಯವಸ್ಥೆ ಇರುವುದರಿಂದ, ತಯಾರಕರ ತಾಣದಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ ಬಿಡಿಸಿ ಅದೇ ಪೆನ್‌ಡ್ರೈವ್‌ಗೆ ಹಾಕಿಕೊಂಡು, ‘ಲೋಡ್ ಡ್ರೈವರ್’ ಮೂಲಕ ತೋರಿಸಬೇಕಾಗುತ್ತದೆ.

ಹೋಮ್ ಆವೃತ್ತಿ ಮೊದಲ ಬಾರಿ ತೆರೆಯುವಾಗ ಇಂಟರ್ನೆಟ್ಟನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ವೈಫೈ ಡ್ರೈವರ್ ಇನ್ನೂ ಬಂದಿರದಿದ್ದರೆ ಜನ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೆ ಯಾವ ಡ್ರೈವರೂ ಇಲ್ಲದೆ ಇಂಟರ್ನೆಟ್ ಸಿಗುತ್ತದೆ. ಹಿಂದೆ ಬಳಸುತ್ತಿದ್ದ ಖಾತೆಯನ್ನೇ ಇಲ್ಲಿಯೂ ಕೊಡಿ. ಲ್ಯಾಪ್‌ಟಾಪ್ ಜೊತೆಗೆ ಎಂಎಸ್ ಆಫೀಸ್ ಬಂದಿದ್ದರೆ ಅದೂ ಆ ಖಾತೆಗೇ ಸೇರಿರುತ್ತದೆ, ಅಲ್ಲಿಂದಲೇ ಮತ್ತೆ ಇಳಿಸಿಕೊಳ್ಳಬಹುದು. ಹೊಸ ವಿಂಡೋಸ್ 11 ಹಲವು ಯಂತ್ರಗಳಲ್ಲಿ ಡಿಸ್ಕನ್ನು ತಾನಾಗಿಯೇ ಎನ್‌ಕ್ರಿಪ್ಟ್ ಮಾಡುತ್ತದೆ. ಆದ್ದರಿಂದ ಆ ಖಾತೆಯ ಪಾಸ್‌ವರ್ಡ್ ಕಳೆದುಕೊಳ್ಳಬೇಡಿ; 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಲ್ಯಾಪ್‌ಟಾಪ್ ಬಿಲ್ಲಿನ ಜೊತೆ ಇಡಿ.

ನಂತರ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಆಕ್ಟಿವೇಷನ್ ತೆರೆಯಿರಿ. ಡಿಜಿಟಲ್ ಲೈಸೆನ್ಸ್ ಮೂಲಕ ಆಕ್ಟಿವೇಟ್ ಆಗಿದೆ ಎಂದಿರಬೇಕು. ಈಗಾಗಲೇ ಅಂಗಡಿಯಲ್ಲಿ ವಿಂಡೋಸ್ ಹಾಕಿಸಿಕೊಂಡಿರುವ ಓದುಗರೂ ಈ ಪುಟವನ್ನು ಒಮ್ಮೆ ನೋಡಿಕೊಳ್ಳಲಿ: ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸೇವೆಯ ಮೂಲಕ ಆಕ್ಟಿವೇಟ್ ಆಗಿದೆ ಎಂಬ ಒಕ್ಕಣೆ ಮನೆಯ ಲ್ಯಾಪ್‌ಟಾಪ್‌ನಲ್ಲಿ ಕಂಡರೆ, ಅದು ಮೇಲೆ ಹೇಳಿದ ಕಳ್ಳ ಪ್ರತಿಯೇ. ಡ್ರೈವರುಗಳ ಮಟ್ಟಿಗೆ, ವಿಂಡೋಸ್ ಅಪ್‌ಡೇಟ್ ಅನ್ನು ಎರಡು ಮೂರು ಸಲ ಓಡಿಸಿದರೆ ಬಹುಪಾಲು ಬರುತ್ತವೆ. ಉಳಿದವನ್ನು ತಯಾರಕರ ತಾಣದಿಂದಲೇ ತನ್ನಿ. ಡ್ರೈವರ್ ಪ್ಯಾಕ್ ಎಂಬ ಹೆಸರಿನ ಸಾಧನಗಳ ಸಹವಾಸ ಬೇಡ.

ಈಗ ನಿಮ್ಮ ನುಡಿ ಕಡತಗಳು. ನಕಲು ಮಾಡಿದ ಕಡತವನ್ನು ವರ್ಡ್‌ನಲ್ಲಿ ತೆರೆದ ಕೂಡಲೇ, ‘ಕನ್ನಡ’ ಎಂಬ ಪದವಿದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ನಡುವೆ ಪೌಂಡ್ ಹಣದ ಚಿಹ್ನೆ ಹೀಗೆ ಏನೇನೋ ಕಾಣುತ್ತವೆ. ಕಡತ ಹಾಳಾಗಿಲ್ಲ. ನುಡಿಯ ಹಳೆಯ ಫಾಂಟುಗಳು ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಕ್ರಮ) ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಬರೆದಿಟ್ಟ ಫಾಂಟುಗಳು ಅವು. ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಸಂಕೇತಗಳೇ ಹೊರಗೆ ಕಾಣುತ್ತವೆ. ಈ ಸ್ಥಿತಿಯಲ್ಲಿ ಫಾಂಟ್ ಬದಲಾಯಿಸುವುದಾಗಲಿ ಕಡತವನ್ನು ಸೇವ್ ಮಾಡುವುದಾಗಲಿ ಮಾಡಬೇಡಿ, ಮುಚ್ಚಿಬಿಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಮತ್ತೆ ಹಾಕಿ; ಅಥವಾ ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ನುಡಿ ಎಂದು ಶುರುವಾಗುವ ಕಡತಗಳನ್ನು ತಂದು ಹೊಸ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿ. ಬರಹ ತಂತ್ರಾಂಶದ ಹಳೆಯ ಫಾಂಟುಗಳಿಗೂ ಇದೇ ಮಾತು. ಡೇಟಾ ತೆಗೆಯುವಾಗಲೇ ಈ ಫಾಂಟುಗಳನ್ನೂ ತೆಗೆದಿಟ್ಟುಕೊಳ್ಳುವುದು ಲೇಸು. ಇನ್ನು ಮುಂದೆ ಬರೆಯುವುದನ್ನಾದರೂ ದಯವಿಟ್ಟು ಯುನಿಕೋಡ್‌ನಲ್ಲಿ ಬರೆಯಿರಿ: ವಿಂಡೋಸ್‌ನ ಭಾಷಾ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ಮಾತ್ರವಲ್ಲದೆ, ಇಂಗ್ಲಿಷ್ ಕೀಲಿಗಳಲ್ಲಿ ಉಚ್ಚಾರದಂತೆ ಟೈಪ್ ಮಾಡುವ ಫೊನೆಟಿಕ್ ಕೀಲಿಮಣೆಯೂ ಸಿಗುತ್ತದೆ. ಯಾವ ಡಿಸ್ಕ್ ಬದಲಾಯಿಸಿದರೂ ಆ ಬರಹ ಕನ್ನಡವಾಗಿಯೇ ತೆರೆಯುತ್ತದೆ. ಯುನಿಕೋಡ್‌ನ ಹಳೆಯ ಕಡತಗಳಲ್ಲಿ ತುಂಗಾ ಫಾಂಟ್ ಕಾಣಿಸದಿದ್ದರೆ, ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಸೇರಿಸಿಕೊಳ್ಳಿ.

ಟ್ಯಾಲಿಯ ಲೆಕ್ಕ ಹೆಚ್ಚಾಗಿ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ, ಆದ್ದರಿಂದಲೇ ಬಹಳ ಮಂದಿ ಅದನ್ನು ಬಿಟ್ಟುಬಿಡುತ್ತಾರೆ. ಹಳೆಯ ಡಿಸ್ಕಿನ ಯೂಸರ್ಸ್ ಫೋಲ್ಡರಿನಲ್ಲಿ ಪಬ್ಲಿಕ್, ಅದರೊಳಗೆ ಟ್ಯಾಲಿ ಹೆಸರಿನ ಫೋಲ್ಡರ್, ಅದರೊಳಗೆ ಡೇಟಾ ಎಂದು ಹುಡುಕಿ. ಬರೀ ಅಂಕಿಗಳ ಹೆಸರಿನ ಫೋಲ್ಡರುಗಳು ಅಲ್ಲಿರುತ್ತವೆ. ಒಂದೊಂದೂ ಒಂದೊಂದು ಕಂಪನಿಯ ಲೆಕ್ಕ. ಅವನ್ನು ಇಡಿಯಾಗಿ ತಂದು ಹೊಸ ಟ್ಯಾಲಿಯ ಡೇಟಾ ಫೋಲ್ಡರಿನಲ್ಲಿಟ್ಟರೆ ಕಂಪನಿಯ ಹೆಸರು ಪಟ್ಟಿಯಲ್ಲಿ ಕಾಣುತ್ತದೆ. ತೆರೆದ ಮೇಲೆ ಕೊನೆಯ ನಮೂದಿನ ದಿನಾಂಕವನ್ನೂ ನಗದು ಶಿಲ್ಕನ್ನೂ ನಿಮ್ಮ ಪುಸ್ತಕದೊಂದಿಗೆ ತಾಳೆ ನೋಡಿ. ಟ್ಯಾಲಿಯ ಲೈಸೆನ್ಸನ್ನು ಮಾತ್ರ ಮತ್ತೆ ಆಕ್ಟಿವೇಟ್ ಮಾಡಬೇಕಾಗಬಹುದು. ಡಿಜಿಟಲ್ ಸಹಿ ಬಳಸುತ್ತಿದ್ದರೆ ಅದು ಯುಎಸ್‌ಬಿ ಟೋಕನ್ ಒಳಗೇ ಇರುತ್ತದೆ, ಡಿಸ್ಕಿನೊಂದಿಗೆ ಹೋಗಿಲ್ಲ. ಟೋಕನ್‌ನ ಡ್ರೈವರ್ ಹಾಕಿದರೆ ಸಾಕು.

ಎಲ್ಲವೂ ಸರಿಯಾದ ಮೇಲೆ ಒಂದು ಹೊರಗಿನ ಡಿಸ್ಕ್ ಕೊಂಡು ಟ್ಯಾಲಿ ಮತ್ತು ದಾಖಲೆಗಳನ್ನು ವಾರಕ್ಕೊಮ್ಮೆ ನಕಲು ಮಾಡುವ ಅಭ್ಯಾಸ ಮಾಡಿಕೊಳ್ಳಿ. ಹಾರ್ಡ್ ಡಿಸ್ಕ್ ಬಹಳಷ್ಟು ಸಲ ಮುನ್ಸೂಚನೆ ಕೊಟ್ಟು ಕೆಡುತ್ತದೆ, ಎಸ್‌ಎಸ್‌ಡಿ ಎಷ್ಟೋ ಬಾರಿ ಒಮ್ಮೆಗೇ ನಿಂತುಬಿಡುತ್ತದೆ. ಅಳಿಸಿದ ಕಡತವನ್ನು ಎಸ್‌ಎಸ್‌ಡಿಯಿಂದ ಮರಳಿ ತೆಗೆಯುವುದೂ ಸಾಮಾನ್ಯವಾಗಿ ಆಗದ ಮಾತು, ಏಕೆಂದರೆ ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಬೇಗನೆ ಖಾಲಿ ಮಾಡುತ್ತದೆ.

ಹಳೆಯ ಡಿಸ್ಕನ್ನು ಕೂಡಲೇ ಎಸೆಯಬೇಡಿ, ಅಂಗಡಿಯವರಿಗೂ ಕೊಡಬೇಡಿ. ಈ ಆರ್ಥಿಕ ವರ್ಷದ ಲೆಕ್ಕ ಮುಗಿಯುವವರೆಗಾದರೂ ಇಟ್ಟುಕೊಳ್ಳಿ. ಯಾವುದೋ ಕಡತ ಬಿಟ್ಟುಹೋಗಿದ್ದು ಆಗ ನೆನಪಾಗುವುದುಂಟು. ಕೆಟ್ಟ ಸೆಕ್ಟರುಗಳಿರುವ ಡಿಸ್ಕನ್ನು ತಂತ್ರಾಂಶದಿಂದ ಪೂರ್ತಿ ಅಳಿಸಲು ಆಗುವುದಿಲ್ಲ, ಓದಲಾಗದ ಜಾಗಕ್ಕೆ ಬರೆಯುವುದೂ ಖಚಿತವಲ್ಲ. ಆದ್ದರಿಂದ ವಿಲೇವಾರಿ ಮಾಡುವಾಗ ಒಳಗಿನ ತಟ್ಟೆಗಳನ್ನೇ ಒಡೆಯಬೇಕು. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆಗಳು ಬಹುತೇಕ ಗಾಜಿನವು. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಡೆದು, ಆಮೇಲೆ ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.